ಬಿಸಿಲಿದೆ, ಕರೆಂಟಿದೆ, ಆದರೂ ಕಾರು ಚಾರ್ಜ್ ಆಗುತ್ತಿಲ್ಲ: ಮನೆಯ ಚಾರ್ಜರ್ ಮತ್ತು ಸೋಲಾರ್‌ನ ತೊಂದರೆ ಹುಡುಕುವುದು ಹೇಗೆ

ನಮ್ಮ ಮನೆ ಇರುವುದು ಮೈಸೂರಿನ ಕುವೆಂಪುನಗರದಲ್ಲಿ. ಅಪ್ಪ ಅಮ್ಮ ಮಂಡ್ಯದ ಹತ್ತಿರದ ಹಳ್ಳಿಯಲ್ಲಿದ್ದಾರೆ. ಎರಡೂ ಮನೆಗಳ ತಾರಸಿಯ ಮೇಲೆ ಸೋಲಾರ್ ಇದೆ. ವಾರದಲ್ಲಿ ಐದು ದಿನ ಇಲ್ಲಿ, ಎರಡು ದಿನ ಅಲ್ಲಿ, ಅದೇ ಕಾರಿಗೆ ಚಾರ್ಜ್ ಹಾಕುತ್ತೇನೆ. ಇಷ್ಟು ದಿನದಲ್ಲಿ ಚಾರ್ಜಿಂಗ್ ಎಷ್ಟು ಸಲ ನಿಂತಿದೆಯೋ ಲೆಕ್ಕವಿಲ್ಲ. ಆದರೆ ಚಾರ್ಜರ್ ನಿಜಕ್ಕೂ ಕೆಟ್ಟಿದ್ದು ಒಂದೇ ಸಲ, ಅದೂ ಒಳಗೆ ಇರುವೆ ಗೂಡು ಕಟ್ಟಿದ್ದರಿಂದ. ಉಳಿದ ಸಲವೆಲ್ಲ ತಪ್ಪು ಬೇರೆ ಕಡೆ ಇತ್ತು: ಅರ್ಥಿಂಗ್, ಲೈನಿನ ವೋಲ್ಟೇಜು, ಪ್ಲಗ್ಗಿನ ಸ್ಕ್ರೂ, ಮೋಡ, ಇಲ್ಲವೇ ನಾನೇ ಆ್ಯಪಿನಲ್ಲಿ ಒತ್ತಿ ಮರೆತ ಒಂದು ಬಟನ್ನು.

ಶುರು ಮಾಡುವ ಮೊದಲು ಎರಡು ಪದ ಬಿಡಿಸಿಕೊಳ್ಳೋಣ. ನಮ್ಮ ಕಡೆ 'ಸೋಲಾರ್' ಅಂದರೆ ಅರ್ಧ ಜನ ಬಿಸಿನೀರಿನ ಸೋಲಾರ್ ಅಂದುಕೊಳ್ಳುತ್ತಾರೆ. ನಾನು ಹೇಳುತ್ತಿರುವುದು ಕರೆಂಟು ಮಾಡುವ ಪ್ಯಾನೆಲ್‌ಗಳ ಬಗ್ಗೆ. ಹಾಗೇ 'ಇನ್ವರ್ಟರ್' ಅಂದರೆ ಕರೆಂಟು ಹೋದಾಗ ಫ್ಯಾನು ತಿರುಗಿಸುವ ಬ್ಯಾಟರಿ ಪೆಟ್ಟಿಗೆ ಅಂತ ರೂಢಿ. ಸೋಲಾರ್ ಇನ್ವರ್ಟರ್ ಬೇರೆ. ಅದು ಪ್ಯಾನೆಲ್ಲಿನ ಡಿಸಿ ಕರೆಂಟನ್ನು ಎಸಿ ಮಾಡಿ ಮನೆಯ ಲೈನಿಗೆ ಸೇರಿಸುತ್ತದೆ. ಫೋನಿನಲ್ಲಿ ಎಲೆಕ್ಟ್ರಿಷಿಯನ್ ಹತ್ತಿರ ಮಾತಾಡುವಾಗ ಯಾವ ಇನ್ವರ್ಟರ್ ಅಂತ ಬಿಡಿಸಿ ಹೇಳಿ. ಇಲ್ಲದಿದ್ದರೆ ಪಾಪ ಅವನು ಡಿಸ್ಟಿಲ್ಡ್ ವಾಟರ್ ಹಿಡಿದುಕೊಂಡು ಬರುತ್ತಾನೆ. ನಮ್ಮ ಮನೆಗೆ ಹಾಗೆ ಒಬ್ಬರು ಬಂದಿದ್ದರು.

ಮೊದಲು ಗಡಿಯಾರ ನೋಡಿ

ಸ್ಕ್ರೂಡ್ರೈವರ್ ಆಮೇಲೆ. ಚಾರ್ಜಿಂಗ್ ನಿಂತಾಗ ಗಂಟೆ ಎಷ್ಟು ಅಂತ ಒಂದು ಚೀಟಿಯಲ್ಲಿ ಬರೆದಿಡಿ. ಮೂರ್ನಾಲ್ಕು ಸಲ ಬರೆದರೆ ಅರ್ಧ ಉತ್ತರ ಸಿಕ್ಕಂತೆ. ಬರೀ ಹಗಲಲ್ಲಿ ನಿಂತರೆ ಸೋಲಾರ್ ಕಡೆ ನೋಡಬೇಕು. ಸಂಜೆ ಆರರಿಂದ ಹತ್ತರ ನಡುವೆ ನಿಂತರೆ ಬೀದಿಯ ಲೈನು. ಶುರುವಾಗಿ ಮುಕ್ಕಾಲು ಗಂಟೆ, ಒಂದು ಗಂಟೆ ಆದ ಮೇಲೆ ನಿಂತರೆ ಎಲ್ಲೋ ಬಿಸಿ ಆಗುತ್ತಿದೆ. ಮಳೆ ಬಂದ ದಿನ ಮಾತ್ರ ನಿಂತರೆ ನೀರು ನುಗ್ಗಿದೆ. ಬೇಸಿಗೆಯಲ್ಲಿ ಮಾತ್ರ ನಿಂತರೆ ಅರ್ಥಿಂಗ್. ಹಗಲು ರಾತ್ರಿ ಯಾವಾಗ ಹಾಕಿದರೂ ಶುರುವೇ ಆಗದಿದ್ದರೆ ಮಾತ್ರ ಚಾರ್ಜರ್ ಅಥವಾ ಕಾರಿನ ಮೇಲೆ ಅನುಮಾನ ಪಡಿ.

ಕೈ ಹಾಕಬಾರದ ಜಾಗಗಳನ್ನೂ ಈಗಲೇ ಹೇಳಿಬಿಡುತ್ತೇನೆ. ಪ್ಯಾನೆಲ್ಲಿನಿಂದ ಸೋಲಾರ್ ಇನ್ವರ್ಟರಿಗೆ ಬರುವ ಡಿಸಿ ವೈರಿನಲ್ಲಿ ನೂರಾರು ವೋಲ್ಟ್ ಇರುತ್ತದೆ. ಮನೆಯ ಮೇನ್ ಆಫ್ ಮಾಡಿದರೂ ಬಿಸಿಲಿರುವವರೆಗೆ ಅದು ಸಾಯುವುದಿಲ್ಲ. ಆ ಕನೆಕ್ಟರುಗಳನ್ನು ಕೆಲಸ ನಡೆಯುವಾಗ ಎಳೆದರೆ ಕಿಡಿ ಹತ್ತಿ ಉರಿಯುತ್ತದೆ. ಚಾರ್ಜರ್ ಪೆಟ್ಟಿಗೆಯ ಮುಚ್ಚಳ, ಮೀಟರಿನ ಸೀಲು, ಕಾರಿನೊಳಗಿನ ಕಿತ್ತಳೆ ಬಣ್ಣದ ಕೇಬಲ್ಲು, ಇವೂ ನಮ್ಮ ಕೆಲಸವಲ್ಲ.

ಗನ್ ಹಾಕಿದರೂ ಏನೂ ಆಗುವುದಿಲ್ಲ

ಗನ್ ಅಂದರೆ ಚಾರ್ಜರ್ ಕೇಬಲ್ಲಿನ ತುದಿಯಲ್ಲಿ ಕಾರಿಗೆ ಚುಚ್ಚುವ ಹಿಡಿ. ಚಾರ್ಜರಿನಲ್ಲಿ ಒಂದು ದೀಪವೂ ಇಲ್ಲ ಅಂದರೆ ಅದಕ್ಕೆ ಕರೆಂಟೇ ಬರುತ್ತಿಲ್ಲ. ಡಿ.ಬಿ. ಬಾಕ್ಸಿನಲ್ಲಿ, ಅಂದರೆ ಮನೆಗೆಲ್ಲ ಕರೆಂಟು ಹಂಚುವ ಪೆಟ್ಟಿಗೆಯಲ್ಲಿ, ತೊಂದರೆಯಾದಾಗ ತಾನೇ ಆಫ್ ಆಗುವ ಸ್ವಿಚ್ಚುಗಳಿರುತ್ತವೆ: ಎಂಸಿಬಿ ಕೆಳಗೆ ಬಿದ್ದಿದೆಯಾ, ಆರ್‌ಸಿಸಿಬಿ ಬಿದ್ದಿದೆಯಾ ನೋಡಿ. ಕೆಲವು ಚಾರ್ಜರಿಗೆ ಕೆಂಪು ಎಮರ್ಜೆನ್ಸಿ ಬಟನ್ ಇರುತ್ತದೆ. ಮಕ್ಕಳು ಒತ್ತಿರುತ್ತಾರೆ. ತಿರುಗಿಸಿ ಬಿಟ್ಟರೆ ಮೇಲೆ ಬರುತ್ತದೆ.

ದೀಪ ಇದೆ, ಆದರೆ ಕಾರು ತಗೊಳ್ಳುತ್ತಿಲ್ಲ ಅಂದರೆ ಕಾರಿನ ಸೆಟ್ಟಿಂಗ್ ನೋಡಿ. ರಾತ್ರಿ ಹನ್ನೊಂದಕ್ಕೆ ಶುರು ಮಾಡು ಅಂತ ಟೈಮರ್ ಇಟ್ಟಿರಬಹುದು. ಶೇಕಡಾ 80ಕ್ಕೆ ನಿಲ್ಲಿಸು ಅಂತ ಮಿತಿ ಇಟ್ಟಿದ್ದರೆ, 81 ಇರುವ ಕಾರು ಏನು ಮಾಡಿದರೂ ತಗೊಳ್ಳುವುದಿಲ್ಲ. ನಾನು ಒಂದು ಭಾನುವಾರ ಪೂರ್ತಿ ಇದರಲ್ಲೇ ಕಳೆದಿದ್ದೇನೆ. ಆಮೇಲೆ ಗನ್ ತೆಗೆದು, ಬೆಳಕು ಬಿಟ್ಟು ಪಿನ್ನುಗಳನ್ನು ನೋಡಿ. ಧೂಳು, ಜೇಡರ ಬಲೆ ಸಾಮಾನ್ಯ. ಒಣ ಬ್ರಷ್ಷಿನಿಂದ ಒರೆಸಿ, ನೀರು ಬೇಡ. ಮತ್ತೆ ಹಾಕುವಾಗ 'ಟಕ್' ಅನ್ನುವವರೆಗೆ ಒತ್ತಿ. ಗನ್ನಿನಲ್ಲಿ ಎರಡು ಸಣ್ಣ ಪಿನ್ನುಗಳಿವೆ. ಕಾರು ಮತ್ತು ಚಾರ್ಜರ್ ಮಾತಾಡಿಕೊಳ್ಳುವುದು ಅವುಗಳಿಂದ. ಗನ್ ಒಂದು ಚೂರು ಸಡಿಲ ಇದ್ದರೂ ಮಾತು ಮುರಿಯುತ್ತದೆ, ಮಾತು ಮುರಿದರೆ ಕರೆಂಟು ಬಿಡುವುದಿಲ್ಲ.

ಇಷ್ಟಾದ ಮೇಲೂ ಆಗದಿದ್ದರೆ ಎಂಸಿಬಿ ಆಫ್ ಮಾಡಿ, ಐದು ನಿಮಿಷ ಬಿಟ್ಟು ಆನ್ ಮಾಡಿ. ಅದೂ ಫಲ ಕೊಡದಿದ್ದರೆ ಕಾರನ್ನು ಬೇರೆ ಕಡೆ ಚಾರ್ಜಿಗೆ ಹಾಕಿ ನೋಡಿ. ಡಿಸಿ ಫಾಸ್ಟ್ ಚಾರ್ಜರ್ ಬೇಡ, ಅದು ಕಾರಿನೊಳಗಿನ ಚಾರ್ಜರನ್ನು ಬಳಸುವುದೇ ಇಲ್ಲ. ನಿಮ್ಮ ಮನೆಯಂಥದೇ ಎಸಿ ಚಾರ್ಜರ್ ಇರುವ ಸ್ನೇಹಿತರ ಮನೆ ಹುಡುಕಿ. ಅಲ್ಲಿ ಆದರೆ ತೊಂದರೆ ನಿಮ್ಮ ಗೋಡೆಯ ಮೇಲೆ, ಆಗದಿದ್ದರೆ ಕಾರಿನಲ್ಲಿ.

ಕೆಂಪು ದೀಪ, ಅರ್ಥ್ ಫಾಲ್ಟ್

ನಮ್ಮ ಹಳ್ಳಿಗಳಲ್ಲಿ ಇದರಷ್ಟು ಕಾಡುವುದು ಇನ್ನೊಂದಿಲ್ಲ. ಕಾರಿನ ಜೊತೆ ಬರುವ ಪೋರ್ಟಬಲ್ ಚಾರ್ಜರನ್ನು 15 ಆಂಪಿಯರಿನ ಸಾಕೆಟ್ಟಿಗೆ ಹಾಕುತ್ತೀರಿ, ಕೆಂಪು ದೀಪ ಮಿನುಗುತ್ತದೆ. ಅದೇ ಸಾಕೆಟ್ಟಿನಲ್ಲಿ ಗ್ರೈಂಡರ್ ಓಡುತ್ತದೆ, ಮೋಟಾರ್ ಓಡುತ್ತದೆ. 'ಎಲ್ಲ ಓಡ್ತದಲ್ಲ, ನಿನ್ನ ಕಾರಿಗೇ ಏನಪ್ಪ ರೋಗ?' ಅಂತ ಅಪ್ಪ ಕೇಳಿದರು. ಕಾರಣ ಇಷ್ಟೇ. ಗ್ರೈಂಡರಿಗೆ ಅರ್ಥ್ ಇದೆಯೋ ಇಲ್ಲವೋ ಚಿಂತೆ ಇಲ್ಲ. ಕಾರಿನ ಚಾರ್ಜರ್ ಕರೆಂಟು ಬಿಡುವ ಮೊದಲು ಅರ್ಥ್ ಇದೆಯಾ ಅಂತ ಪರೀಕ್ಷೆ ಮಾಡುತ್ತದೆ. ಇಲ್ಲದಿದ್ದರೆ ಒಪ್ಪುವುದಿಲ್ಲ. ಕಾರಿನ ಬಾಡಿ ಪೂರ್ತಿ ಲೋಹ, ಅದನ್ನು ಮುಟ್ಟಿಕೊಂಡು ನಾವು ನಿಂತಿರುತ್ತೇವೆ. ಒಪ್ಪದೇ ಇರುವುದೇ ಸರಿ.

ಮೊದಲು ಖರ್ಚಿಲ್ಲದ ಕೆಲಸ. ಅರ್ಥಿಂಗ್ ಗುಂಡಿಗೆ ಎರಡು ಕೊಡ ನೀರು ಹುಯ್ಯಿರಿ. ಅರ್ಧ ಗಂಟೆ ಬಿಟ್ಟು ಮತ್ತೆ ಹಾಕಿ ನೋಡಿ. ಸರಿ ಹೋದರೆ ಗುಂಡಿ ಒಣಗಿತ್ತು ಅಂತ ಅರ್ಥ. ಕೆಂಪು ಮಣ್ಣಿನ ಜಾಗದಲ್ಲಿ ಮಾರ್ಚ್ ಏಪ್ರಿಲ್‌ಗೆ ನೆಲ ಒಣಗುತ್ತದೆ, ಒಣ ಮಣ್ಣು ಕರೆಂಟನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಆದರೆ ನೀರು ಹುಯ್ಯುವುದು ಮದ್ದಲ್ಲ, ಪರೀಕ್ಷೆ. ಪ್ರತಿ ಬೇಸಿಗೆಯಲ್ಲಿ ಕೊಡ ಹಿಡಿದು ಓಡುವ ಬದಲು ಹೊಸ ಅರ್ಥಿಂಗ್ ಹಾಕಿಸಿ. ಹಾಕಿದವರ ಕೈಲಿ ಅರ್ಥ್ ಟೆಸ್ಟರಿನಿಂದ ಅಳೆಸಿ, 5 ಓಮ್‌ಗಿಂತ ಕಡಿಮೆ ಬಂದರೆ ನೆಮ್ಮದಿ. ಅಳೆಯದೆ 'ಚೆನ್ನಾಗಿದೆ ಸಾರ್' ಅಂದರೆ ದುಡ್ಡು ಕೊಡಬೇಡಿ.

ನೀರು ಹುಯ್ದರೂ ಸರಿ ಹೋಗಲಿಲ್ಲವೇ? ಹಾಗಾದರೆ ಗುಂಡಿಯಿಂದ ಸಾಕೆಟ್ಟಿನವರೆಗಿನ ತಂತಿ ಎಲ್ಲೋ ಬಿಟ್ಟಿದೆ, ಅಥವಾ ಇಲ್ಲವೇ ಇಲ್ಲ. ಹಳೇ ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇರುತ್ತದೆ, ಹಿಂದೆ ಎರಡೇ ವೈರು. ಮಲ್ಟಿಮೀಟರ್ ಹಿಡಿದು ಅಭ್ಯಾಸ ಇದ್ದವರು ಅಳೆಯಬಹುದು. ಫೇಸ್ ಮತ್ತು ನ್ಯೂಟ್ರಲ್ ನಡುವೆ 230 ಆಸುಪಾಸು, ಫೇಸ್ ಮತ್ತು ಅರ್ಥ್ ನಡುವೆಯೂ ಹೆಚ್ಚುಕಮ್ಮಿ ಅಷ್ಟೇ, ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಎರಡು ಮೂರು ವೋಲ್ಟ್ ಮಾತ್ರ ಇರಬೇಕು. ಫೇಸ್ ಮತ್ತು ಅರ್ಥ್ ನಡುವೆ 90, 120 ಅಂತ ಕುಣಿಯುತ್ತಿದ್ದರೆ ಅರ್ಥ್ ಇಲ್ಲ. ಅಭ್ಯಾಸ ಇಲ್ಲದವರು ಎಲೆಕ್ಟ್ರಿಷಿಯನ್ ಕರೆಯಿರಿ.

ಅರ್ಥ್ ತೂತಿಗೂ ನ್ಯೂಟ್ರಲ್‌ಗೂ ಒಂದು ತುಂಡು ವೈರು ಹಾಕಿ ಚಾರ್ಜರನ್ನು ಏಮಾರಿಸುವವರು ಇದ್ದಾರೆ. ನಮ್ಮ ಹಳ್ಳಿಯಲ್ಲಿ ಒಬ್ಬ ಎಲೆಕ್ಟ್ರಿಷಿಯನ್ ಇದನ್ನೇ ಮಾಡಲು ಹೊರಟಿದ್ದ. ದೀಪ ಹಸಿರಾಗುತ್ತದೆ, ನಿಜ. ಆದರೆ ಕಂಬದ ಕಡೆ ನ್ಯೂಟ್ರಲ್ ಕಿತ್ತುಹೋದ ದಿನ ಕಾರಿನ ಬಾಡಿಗೆಲ್ಲ ಫೇಸ್ ಬರುತ್ತದೆ. ಯಾರು ಹೇಳಿದರೂ ಇದನ್ನು ಮಾಡಿಸಬೇಡಿ.

ಬ್ಯಾಟರಿ ಇನ್ವರ್ಟರ್ ಲೈನಿಗೆ ಕಾರು ಹಾಕಿದಾಗಲೂ ಇದೇ ಅರ್ಥ್ ಫಾಲ್ಟ್ ಕಾಣಬಹುದು. ಅದು ಹೇಗೂ ಕಾರಿನ ಮೂರು ಕಿಲೋವ್ಯಾಟ್ ಎಳೆಯಲಾರದು. ಅದರ ತಂಟೆಗೆ ಹೋಗಬೇಡಿ.

ಪ್ಲಗ್ ಬಿಸಿ, ಸುಟ್ಟ ವಾಸನೆ

ನಿಲ್ಲಿಸಿ. ಓದುವುದನ್ನೂ ನಿಲ್ಲಿಸಿ, ಮೊದಲು ಕಾರಿನಲ್ಲೋ ಆ್ಯಪಿನಲ್ಲೋ ಚಾರ್ಜಿಂಗ್ ನಿಲ್ಲಿಸಿ ಬನ್ನಿ. ಆಮೇಲೆ ಎಂಸಿಬಿ ಆಫ್ ಮಾಡಿ. ಓಡುತ್ತಿರುವಾಗ ಪ್ಲಗ್ಗನ್ನು ಎಳೆಯಬೇಡಿ.

ಹೀಗೇಕೆ ಅಂದರೆ, ಮಿಕ್ಸಿ ಐದು ನಿಮಿಷ ಓಡುತ್ತದೆ, ಗೀಸರ್ ಇಪ್ಪತ್ತು ನಿಮಿಷ. ಕಾರು 14, 15 ಆಂಪಿಯರನ್ನು ಎಂಟು ಗಂಟೆ ಬಿಡದೆ ಎಳೆಯುತ್ತದೆ. ಸ್ಕ್ರೂ ಒಂದು ಸುತ್ತು ಸಡಿಲ ಇದ್ದು ಅಲ್ಲಿ 10 ವೋಲ್ಟ್ ಕಳೆದುಹೋದರೆ, 15 ಆಂಪಿಯರಿಗೆ 150 ವ್ಯಾಟ್ ಶಾಖ. ಒಂದು ಸಾಕೆಟ್ಟಿನ ಹಿಂದೆ ದೊಡ್ಡ ಸೋಲ್ಡರಿಂಗ್ ಕಡ್ಡಿ ಇಟ್ಟ ಹಾಗೆ.

ಪ್ಲಗ್ ಸ್ವಲ್ಪ ಬೆಚ್ಚಗಿರುವುದು ಸಹಜ. ಕೈ ಹಿಡಿದು ಐದು ಎಣಿಸಲು ಆಗದಿದ್ದರೆ, ಪಿನ್ನು ಕಂದು ಬಣ್ಣಕ್ಕೆ ತಿರುಗಿದ್ದರೆ, ಪ್ಲಾಸ್ಟಿಕ್ ಮೆತ್ತಗಾಗಿದ್ದರೆ ಸಾಕೆಟ್ ಬದಲಾಯಿಸಲೇಬೇಕು. ಸುಟ್ಟ ಸಾಕೆಟ್ಟಿನ ಜೊತೆ ಪ್ಲಗ್ಗೂ ಹೋಗಿರುತ್ತದೆ. ಹಳೇ ಪ್ಲಗ್ಗನ್ನು ಹೊಸ ಸಾಕೆಟ್ಟಿಗೆ ಹಾಕಿದರೆ ಅದನ್ನೂ ಕೆಡಿಸುತ್ತದೆ. ಎಕ್ಸ್‌ಟೆನ್ಷನ್ ಬೋರ್ಡಂತೂ ಬೇಡವೇ ಬೇಡ, ಎಷ್ಟೇ ದುಬಾರಿಯದಾಗಲಿ.

ಎಂಸಿಬಿ ಬೀಳುತ್ತದೆ, ಆರ್‌ಸಿಸಿಬಿ ಬೀಳುತ್ತದೆ

ಎರಡೂ ಒಂದೇ ಅಲ್ಲ. ಎಂಸಿಬಿ ಬೀಳುವುದು ಕರೆಂಟು ಜಾಸ್ತಿ ಹರಿದಾಗ. ಆರ್‌ಸಿಸಿಬಿ ಬೀಳುವುದು ಕರೆಂಟು ದಾರಿ ತಪ್ಪಿ ಸೋರಿದಾಗ. ಅದರಲ್ಲಿ 'ಟಿ' ಅಂತ ಬರೆದ ಒಂದು ಸಣ್ಣ ಬಟನ್ ಇರುತ್ತದೆ.

ಎಂಸಿಬಿ ಒಂದು ಗಂಟೆ ಆದ ಮೇಲೆ ಬಿದ್ದರೆ ಅದು ಬಿಸಿಯಿಂದ. 32 ಆಂಪಿಯರ್ ಎಳೆಯುವ 7 ಕಿಲೋವ್ಯಾಟ್ ಚಾರ್ಜರಿಗೆ 32ರ ಎಂಸಿಬಿಯನ್ನೇ ಹಾಕಿದ್ದರೆ ಬೇಸಿಗೆಯಲ್ಲಿ ಬೀಳುವ ಸಾಧ್ಯತೆ ಜಾಸ್ತಿ. ಸಾಮಾನ್ಯವಾಗಿ 40 ಹಾಕುತ್ತಾರೆ. ಆದರೆ ವೈರಿನ ದಪ್ಪ ನೋಡದೆ ಎಂಸಿಬಿ ದೊಡ್ಡದು ಮಾಡಿದರೆ, ಎಂಸಿಬಿ ಬದಲು ವೈರು ಸುಡುತ್ತದೆ. 7 ಕಿಲೋವ್ಯಾಟಿಗೆ ಕನಿಷ್ಠ 6 ಸ್ಕ್ವೇರ್ ಎಂಎಂ ತಾಮ್ರದ ವೈರು ಬೇಕು, ದೂರ ಇದ್ದರೆ ಇನ್ನೂ ದಪ್ಪ. ಸದ್ಯಕ್ಕೆ ಆ್ಯಪಿನಲ್ಲಿ 32ರಿಂದ 24ಕ್ಕೆ ಇಳಿಸಿ ನೋಡಿ. ಬೀಳುವುದು ನಿಂತರೆ ಕಾರಣ ಸಿಕ್ಕಿತು.

ಆರ್‌ಸಿಸಿಬಿ ಬಿದ್ದರೆ ಗನ್ ತೆಗೆದು ಎತ್ತಿ. ಗನ್ ಇಲ್ಲದೆಯೂ ಬಿದ್ದರೆ ಸೋರಿಕೆ ವೈರಿನಲ್ಲೋ ಚಾರ್ಜರಿನಲ್ಲೋ ಇದೆ. ಗನ್ ಹಾಕಿದಾಗ ಮಾತ್ರ ಬಿದ್ದರೆ ಗನ್ನು, ಕೇಬಲ್ಲು ಅಥವಾ ಕಾರು. ಆಷಾಢದ ಜಿಟಿಜಿಟಿ ಮಳೆಯಲ್ಲಿ ಗನ್ನನ್ನು ಬಾಯಿ ಮೇಲೆ ಮಾಡಿ ನೇತು ಹಾಕಿದ್ದರೆ ಒಳಗೆ ನೀರು ನಿಂತಿರುತ್ತದೆ. ನೆರಳಿನಲ್ಲಿ ಒಂದು ದಿನ ಒಣಗಲು ಬಿಡಿ, ಬಿಸಿಗಾಳಿ ಹಾಕಬೇಡಿ. ಎರಡು ಸಲ ಎತ್ತಿದರೂ ಬಿದ್ದರೆ ಮೂರನೇ ಸಲ ಎತ್ತಬೇಡಿ. ಆರ್‌ಸಿಸಿಬಿ ತೆಗೆದು ನೇರ ಕೊಡುತ್ತೇನೆ ಅನ್ನುವ ಎಲೆಕ್ಟ್ರಿಷಿಯನ್‌ನನ್ನು ಕಾಫಿ ಕೊಟ್ಟು ಕಳಿಸಿಬಿಡಿ.

ಸೋಲಾರ್ ಮೋಡಿನಲ್ಲಿ ನಿಂತು ನಿಂತು ಶುರುವಾಗುತ್ತದೆ

ಸೋಲಾರ್ ಮೋಡ್ ಅಂದರೆ ಉಳಿದ ಸೋಲಾರ್ ಕರೆಂಟನ್ನು ಮಾತ್ರ ಕಾರಿಗೆ ಬಿಡುವ, ಚಾರ್ಜರ್ ಆ್ಯಪಿನ ಒಂದು ಆಯ್ಕೆ. ಅದರಲ್ಲಿ ನಿಂತು ಶುರುವಾಗುವುದು ದೋಷವೇ ಅಲ್ಲದಿರುವ ಸಾಧ್ಯತೆ ಜಾಸ್ತಿ. ಎಸಿ ಚಾರ್ಜಿಂಗಿನ ನಿಯಮದಲ್ಲಿ 6 ಆಂಪಿಯರಿಗಿಂತ ಕಡಿಮೆ ಕೊಡಲು ಆಗುವುದಿಲ್ಲ. 230 ವೋಲ್ಟಿಗೆ 6 ಆಂಪಿಯರ್ ಅಂದರೆ ಸುಮಾರು 1.4 ಕಿಲೋವ್ಯಾಟ್. ಮನೆಯ ಖರ್ಚು ಕಳೆದು ಅಷ್ಟು ಉಳಿದರೆ ಮಾತ್ರ ಸೋಲಾರ್ ಮೋಡ್ ಕಾರಿಗೆ ಬಿಡುತ್ತದೆ.

2024ರ ಫೆಬ್ರವರಿಯಲ್ಲಿ ಪಿಎಂ ಸೂರ್ಯಘರ್ ಯೋಜನೆ ಬಂದ ಮೇಲೆ ನಮ್ಮ ಕಡೆ 3 ಕಿಲೋವ್ಯಾಟ್ ಹಾಕಿಸಿದವರು ಬಹಳ. 78,000 ರೂಪಾಯಿ ಸಬ್ಸಿಡಿ ಸಿಗುವುದು ಅಲ್ಲಿಗೇ. ಹಳ್ಳಿಯ ನಮ್ಮ ಮನೆಯದೂ ಅದೇ. ಆದರೆ 3 ಅಂತ ಹೆಸರಿದ್ದರೂ ಬಿಸಿಲಿನ ಕಾವಿಗೆ ನಡು ಮಧ್ಯಾಹ್ನ ಎರಡೂಕಾಲು, ಎರಡೂವರೆ ಬಂದರೆ ಪುಣ್ಯ. ಅದರಲ್ಲಿ ಫ್ರಿಜ್ಜು, ಟಿವಿ, ನೀರಿನ ಮೋಟಾರ್ ಕಳೆಯಿರಿ. ಒಂದು ಮೋಡ ಅಡ್ಡ ಬಂದರೆ 1.4ಕ್ಕಿಂತ ಕೆಳಗೆ ಬೀಳುತ್ತದೆ, ಚಾರ್ಜರ್ ನಿಲ್ಲುತ್ತದೆ. ಮೋಡ ಸರಿದರೆ ಶುರು. ಜೂನ್ ಜುಲೈನಲ್ಲಿ ದಿನಕ್ಕೆ ಇಪ್ಪತ್ತು ಸಲ ಹೀಗಾಗುತ್ತದೆ.

ಆ್ಯಪಿನಲ್ಲಿ 'ಸ್ವಲ್ಪ ಗ್ರಿಡ್ ಸೇರಿಸಿಕೋ' ಅನ್ನುವಂಥ ಆಯ್ಕೆ ಇದ್ದರೆ ಅದನ್ನು ಹಾಕಿ. ನನ್ನನ್ನು ಕೇಳಿದರೆ, ನೆಟ್ ಮೀಟರಿಂಗ್ ಇರುವವರು ಸೋಲಾರ್ ಮೋಡಿಗೆ ಇಷ್ಟು ತಲೆ ಕೆಡಿಸಿಕೊಳ್ಳುವುದೇ ಬೇಡ. ಹಗಲು ಲೈನಿಗೆ ಕೊಟ್ಟ ಯೂನಿಟ್ಟು, ರಾತ್ರಿ ತಗೊಂಡ ಯೂನಿಟ್ಟು ತಿಂಗಳ ಬಿಲ್ಲಿನಲ್ಲಿ ಒಂದಕ್ಕೊಂದು ಕಳೆದುಹೋಗುತ್ತವೆ. ಸುಮ್ನೆ ರಾತ್ರಿ ಹಾಕಿ ಮಲಗಿ.

ಸಾಮಾನ್ಯ ಬಿಸಿಲಿನಲ್ಲೂ ಹೀಗಾದರೆ ತಾರಸಿ ಹತ್ತಿ ನೋಡಿ. ಬಿಸಿನೀರಿನ ಸೋಲಾರಿನ ಟ್ಯಾಂಕಿನ ನೆರಳು ಒಂದು ಪ್ಯಾನೆಲ್ಲಿನ ಮೂಲೆಗೆ ಬಿದ್ದರೂ ಆ ಸಾಲಿನ ಉತ್ಪಾದನೆ ಕುಗ್ಗಬಹುದು. ಮಂಡ್ಯದ ಕಡೆ ಇನ್ನೊಂದಿದೆ, ಆಲೆಮನೆ. ಗಾಳಿ ಈ ಕಡೆ ಬೀಸಿದರೆ ಕಬ್ಬಿನ ಸಿಪ್ಪೆಯ ಮಸಿ ಪ್ಯಾನೆಲ್ ಮೇಲೆ ಕೂರುತ್ತದೆ, ಬರೀ ಮಳೆಗೆ ಹೋಗುವುದಿಲ್ಲ. ಬೆಳಗಿನ ಜಾವ ತಣ್ಣಗಿರುವಾಗ ಮೆತ್ತನೆ ಬಟ್ಟೆಯಲ್ಲಿ ತೊಳೆಯಿರಿ. ಕಾದ ಗಾಜಿಗೆ ತಣ್ಣೀರು ಬಿದ್ದರೆ ಸೀಳಬಹುದು.

ಬಿಸಿಲಿದ್ದರೂ ಆ್ಯಪು ತಪ್ಪು ಲೆಕ್ಕ ತೋರಿಸುತ್ತದೆ

ರಾತ್ರಿ ಎಂಟು ಗಂಟೆಗೆ ಆ್ಯಪು 'ನೀವು ಲೈನಿಗೆ ಕರೆಂಟು ಕೊಡುತ್ತಿದ್ದೀರಿ' ಅಂದರೆ ನಗಬೇಡಿ, ಅಲ್ಲೇ ಉತ್ತರ ಇದೆ. ಮೀಟರಿನಿಂದ ಬರುವ ಮೇನ್ ವೈರಿನ ಸುತ್ತ ಬಳೆಯಂಥ ಒಂದು ಸೆನ್ಸರ್ ಹಾಕಿರುತ್ತಾರೆ. ಅದಕ್ಕೆ ಸಿಟಿ ಅನ್ನುತ್ತಾರೆ. ಅದರ ಮೇಲೊಂದು ಬಾಣದ ಗುರುತು. ಬಾಣ ಉಲ್ಟಾ ಆದರೆ ಕೊಟ್ಟದ್ದು ತಗೊಂಡದ್ದಾಗಿ, ತಗೊಂಡದ್ದು ಕೊಟ್ಟದ್ದಾಗಿ ಕಾಣುತ್ತದೆ. ಪರೀಕ್ಷೆ ಸುಲಭ. ಕತ್ತಲಾದ ಮೇಲೆ ಗೀಸರ್ ಹಾಕಿ. 2 ಕಿಲೋವ್ಯಾಟ್ ಗೀಸರ್ ಆದರೆ ಆ್ಯಪಿನಲ್ಲಿ 'ತಗೊಳ್ಳುತ್ತಿರುವುದು' 2 ಏರಬೇಕು. ಕೊಡುವುದು ಏರಿದರೆ ಬಾಣ ಉಲ್ಟಾ. ಏನೂ ಏರದಿದ್ದರೆ ಬಳೆ ತಪ್ಪು ವೈರಿನ ಮೇಲಿದೆ, ಅಥವಾ ಫೇಸ್ ನ್ಯೂಟ್ರಲ್ ಎರಡನ್ನೂ ಸೇರಿಸಿ ಹಾಕಿದ್ದಾರೆ. ಹಾಗೆ ಹಾಕಿದರೆ ಹೋಗುವುದು ಬರುವುದು ಸಮ ಆಗಿ ಸೊನ್ನೆ ತೋರಿಸುತ್ತದೆ. ಸರಿ ಮಾಡಿಕೊಡುವುದು ಹಾಕಿದವರ ಕೆಲಸ, ಹತ್ತು ನಿಮಿಷ ಹಿಡಿಯುತ್ತದೆ.

ತ್ರೀ ಫೇಸ್ ಮನೆಗಳಲ್ಲಿ ಇನ್ನೊಂದು ಗೊಂದಲ. ನಮ್ಮ ಮೈಸೂರಿನ ಮನೆಯಲ್ಲಿ 5 ಕಿಲೋವ್ಯಾಟ್ ಸೋಲಾರ್ ಮೂರು ಫೇಸಿಗೂ ಹಂಚಿಕೊಂಡು ಕೊಡುತ್ತದೆ, ಒಂದಕ್ಕೆ ಒಂದೂವರೆ ಚಿಲ್ಲರೆ. ಕಾರಿನ ಚಾರ್ಜರ್ ಮಾತ್ರ ಒಂದೇ ಫೇಸಿನಿಂದ ಏಳು ಎಳೆಯುತ್ತದೆ. ಸಿಟಿ ಆ ಒಂದೇ ಫೇಸಿನ ಮೇಲಿದ್ದರೆ ಯಾವಾಗಲೂ 'ಸೋಲಾರ್ ಸಾಲದು' ಅನ್ನುತ್ತದೆ. ಮೂರು ಫೇಸಿಗೆ ಮೂರು ಸಿಟಿ ಬೇಕು.

ಮಧ್ಯಾಹ್ನ ಸೋಲಾರ್ ಬೀಳುತ್ತದೆ, ಸಂಜೆ ಕಾರು ನಿಲ್ಲುತ್ತದೆ

ಎರಡೂ ವೋಲ್ಟೇಜಿನ ಕಥೆ, ಉಲ್ಟಾ ಸೀದಾ ಅಷ್ಟೇ. ಮಧ್ಯಾಹ್ನ ಬೀದಿಯ ಹತ್ತು ಮನೆ ಸೋಲಾರ್ ಕರೆಂಟನ್ನು ಲೈನಿಗೆ ತಳ್ಳುತ್ತವೆ, ಬಳಸುವವರು ಕೆಲಸಕ್ಕೆ ಹೋಗಿರುತ್ತಾರೆ. ವೋಲ್ಟೇಜು ಏರುತ್ತದೆ. 230ರ ಮೇಲೆ ಶೇಕಡಾ 10, ಅಂದರೆ 253ರ ಆಸುಪಾಸು ದಾಟಿದರೆ ಸೋಲಾರ್ ಇನ್ವರ್ಟರ್ ತಾನೇ ಕೈಬಿಡುತ್ತದೆ. ಕೆಲವು ನಿಮಿಷ ಕಾದು ಮತ್ತೆ ಸೇರುತ್ತದೆ. ಆ ಹೊತ್ತಿಗೆ ಕಾರು ಚಾರ್ಜಿಗೆ ಹಾಕಿ. ಕಾರು ಎಳೆದಷ್ಟೂ ವೋಲ್ಟೇಜು ಇಳಿಯುತ್ತದೆ, ಇನ್ವರ್ಟರ್ ಬೀಳದೆ ಓಡುತ್ತದೆ. ಇದು ನನಗೆ ತಾನಾಗಿ ಗೊತ್ತಾಗಿದ್ದು, ಕಾರು ಮನೆಯಲ್ಲೇ ಚಾರ್ಜಿಗಿರುವ ರಜೆಯ ದಿನಗಳಲ್ಲಿ ಮಾತ್ರ ಸೋಲಾರ್ ಬೀಳುತ್ತಿರಲಿಲ್ಲ.

ಹಳ್ಳಿಯಲ್ಲಿ ಸಂಜೆ ಉಲ್ಟಾ. ಲೈನಿನ ಕೊನೆಯ ಮನೆ ನಮ್ಮದು. ಕಾರು ಹಾಕಿದರೆ 178ಕ್ಕೆ ಇಳಿದಿದ್ದನ್ನು ನೋಡಿದ್ದೇನೆ. ತಪ್ಪು ಲೈನಿನದೋ ಮನೆಯದೋ ಅಂತ ತಿಳಿಯಲು ಒಂದು ಉಪಾಯ ಇದೆ. ಕಾರು ಚಾರ್ಜ್ ಆಗದಿರುವಾಗ ಮೀಟರಿನ ಪರದೆಯಲ್ಲಿ ವೋಲ್ಟೇಜು ಬರೆದುಕೊಳ್ಳಿ. ಚಾರ್ಜ್ ಆಗುವಾಗ ಮತ್ತೆ ನೋಡಿ. ಚಾರ್ಜರ್ ಆ್ಯಪು ತೋರಿಸುವ ವೋಲ್ಟೇಜನ್ನೂ ನೋಡಿ. ಮೀಟರಿನಲ್ಲೇ ಬಹಳ ಇಳಿದರೆ ಲೈನು. ಮೀಟರಿನಲ್ಲಿ 220 ಇದ್ದು ಚಾರ್ಜರಿನಲ್ಲಿ 200 ಇದ್ದರೆ ನಡುವೆ ನಿಮ್ಮ ಮನೆಯ ವೈರಿನಲ್ಲಿ 20 ವೋಲ್ಟ್ ಸುಡುತ್ತಿದೆ. ಅದನ್ನು ಹಾಗೇ ಬಿಡಬೇಡಿ.

ಲೈನಿನದಾದರೆ ಆ್ಯಪಿನಲ್ಲಿ ಆಂಪಿಯರ್ ಇಳಿಸಿ, ಅಥವಾ ರಾತ್ರಿ ಹನ್ನೊಂದರ ಮೇಲೆ ಹಾಕಿ. ನಮ್ಮ ಕಡೆ ಕರೆಂಟು ಕೊಡುವ ಕಂಪನಿ ಸೆಸ್ಕ್‌ಗೆ ದೂರು ಕೊಡಿ, ಫೋನ್ 1912. ಮನೆಗೆ ಮಂಜೂರಾದ ಲೋಡನ್ನು ಜಾಸ್ತಿ ಮಾಡಿಸಿಕೊಳ್ಳದೆ ಕಾರಿನ ಚಾರ್ಜರ್ ಹಾಕಿದ್ದರೆ ಮೊದಲು ಅದನ್ನು ಸರಿ ಮಾಡಿಸಿ. ಇಲ್ಲದಿದ್ದರೆ ಲೈನ್‌ಮನ್ ಮೊದಲು ಕೇಳುವುದೇ ಅದನ್ನು.

ಮನೆಯಲ್ಲಿ ಕೆಲವು ದೀಪ ಕಣ್ಣು ಕುಕ್ಕುವಂತೆ ಉರಿದು ಕೆಲವು ಮಂಕಾದರೆ ಅದು ಬೇರೆಯೇ ವಿಷಯ. ನ್ಯೂಟ್ರಲ್ ಹೋಗಿದೆ. ಕೂಡಲೇ ಮೇನ್ ಆಫ್ ಮಾಡಿ. ಒಂದು ಫೇಸಿಗೆ 400 ವೋಲ್ಟಿನ ಹತ್ತಿರ ಬರಬಹುದು. ಲೈನ್‌ಮನ್ ನೋಡಿ ಸರಿ ಮಾಡುವವರೆಗೆ ಆನ್ ಮಾಡಬೇಡಿ.

ಕರೆಂಟು ಹೋದರೆ ಸೋಲಾರೂ ಹೋಗುತ್ತದೆ

ಕೆಟ್ಟಿಲ್ಲ. ಬ್ಯಾಟರಿ ಇಲ್ಲದ ಸೋಲಾರ್ ಇರುವುದೇ ಹಾಗೆ. ಲೈನ್ ಸತ್ತಾಗ ಅದು ಕರೆಂಟು ತಳ್ಳಿದರೆ ಕಂಬದ ಮೇಲಿರುವ ಲೈನ್‌ಮನ್ ಪ್ರಾಣಕ್ಕೆ ಅಪಾಯ. ಅದಕ್ಕೇ ತಾನೇ ನಿಲ್ಲುತ್ತದೆ. ಶಿವನಸಮುದ್ರದ ಕರೆಂಟು 1902ರಲ್ಲೇ ನಮ್ಮ ಜಿಲ್ಲೆಯಿಂದ ಕೋಲಾರದ ಚಿನ್ನದ ಗಣಿಗೆ ಹೋಯಿತು. ನಮ್ಮ ತಾರಸಿಯ ಕರೆಂಟು ಮಾತ್ರ ಲೈನಿಲ್ಲದೆ ಕೆಳಗಿನ ಕಾರಿಗೂ ಇಳಿಯುವುದಿಲ್ಲ ಅಂತ ಅಪ್ಪನಿಗೆ ಇನ್ನೂ ಬೇಜಾರು.

ಯಾರಿಗೆ ಫೋನ್ ಮಾಡುವುದು

ಮೀಟರಿನವರೆಗೆ ಸೆಸ್ಕ್. ಮೀಟರಿನಿಂದ ಸಾಕೆಟ್ಟಿನವರೆಗೆ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್. ಪ್ಯಾನೆಲ್, ಸೋಲಾರ್ ಇನ್ವರ್ಟರ್, ಸಿಟಿ, ಇವು ಸೋಲಾರ್ ಹಾಕಿದವರದು. ಚಾರ್ಜರ್ ಕಂಪನಿಯವರು ಗನ್ನಿನ ತುದಿಯವರೆಗೆ, ಅಲ್ಲಿಂದ ಆಚೆ ಕಾರಿನ ಸರ್ವಿಸ್‌ನವರು. ಇಷ್ಟು ಜನ ಒಬ್ಬರ ಮೇಲೊಬ್ಬರು ಹಾಕುತ್ತಾರೆ, ಅನುಭವದ ಮಾತು. ಅದಕ್ಕೆ ಫೋನ್ ಮಾಡುವ ಮೊದಲು ಚಾರ್ಜರಿನ ದೀಪ ಮಿನುಗುವುದನ್ನು ಹದಿನೈದು ಸೆಕೆಂಡ್ ವಿಡಿಯೋ ಮಾಡಿಟ್ಟುಕೊಳ್ಳಿ. ಎಷ್ಟು ಸಲ ಮಿನುಗಿತು, ಯಾವ ಬಣ್ಣ ಅನ್ನುವುದರಲ್ಲೇ ಅವರ ದೋಷದ ಸಂಖ್ಯೆ ಅಡಗಿರುತ್ತದೆ. ಮೀಟರಿನ ವೋಲ್ಟೇಜು ಬರೆದ ಚೀಟಿಯ ಫೋಟೋ, ಸೋಲಾರ್ ಆ್ಯಪಿನ ಆ ದಿನದ ಗೆರೆಯ ಚಿತ್ರ, ಎರಡನ್ನೂ ಕಳಿಸಿ. ನಾನು ಹೀಗೆ ಕಳಿಸಿದ ಮೇಲೆ ಸಿಟಿ ಉಲ್ಟಾ ಇರುವುದನ್ನು ಹಾಕಿದವರೇ ಒಪ್ಪಿಕೊಂಡು ಮರುದಿನ ಬಂದು ತಿರುಗಿಸಿ ಹೋದರು. ಅದಕ್ಕೆ ಮೊದಲು ಒಂದೂವರೆ ತಿಂಗಳು 'ನಿಮ್ಮ ಕಾರೇ ಸರಿ ಇಲ್ಲ ಸಾರ್' ಅನ್ನುತ್ತಿದ್ದರು.